ಮಲ್ಲಿಕಾರ್ಜುನ ಮನ್ಸೂರರ ವಚನಗಾಯನ: ಒಂದು ಪಾಠವಿಚಾರ

ಮಲ್ಲಿಕಾರ್ಜುನ ಮನ್ಸೂರರನ್ನು ಕುರಿತ ಬರಹಗಳು ಬಹುಮಟ್ಟಿಗೆ ಘರಾಣೆಯ ಇತಿಹಾಸವಾಗಿಯೇ ಮುಗಿಯುತ್ತವೆ. ಧಾರವಾಡದ ಸಮೀಪದ ಮನ್ಸೂರಿನಲ್ಲಿ 1910ರಲ್ಲಿ ಜನನ. ಬಾಲ್ಯದಲ್ಲಿ ನಾಟಕ ಕಂಪನಿ. ಮಿರಜಿನ ನೀಲಕಂಠಬುವಾ ಅವರಲ್ಲಿ ಗ್ವಾಲಿಯರ್ ಪದ್ಧತಿಯ ಶಿಕ್ಷಣ. ಧ್ವನಿಮುದ್ರಿಕೆಗಳಿಂದ ಹೆಸರಾದ ಮೇಲೆಯೂ ಅವರು ಮುಂಬಯಿಯಲ್ಲಿ ಅಲ್ಲಾದಿಯಾ ಖಾನರ ಮಗ ಮಂಜಿಖಾನರ ಮುಂದೆ ಮತ್ತೆ ವಿದ್ಯಾರ್ಥಿಯಾಗಿ ಕುಳಿತರು. 1937ರಲ್ಲಿ ಆ ಗುರು ತೀರಿಕೊಂಡ ಬಳಿಕ ಭೂರ್ಜಿಖಾನರಲ್ಲಿ ಅಭ್ಯಾಸ ಮುಂದುವರಿಯಿತು. 1992ರಲ್ಲಿ ಪದ್ಮವಿಭೂಷಣ, ಅದೇ ವರ್ಷ ನಿಧನ. ಈ ಕಥನದಲ್ಲಿ ವಚನಗಾಯನಕ್ಕೆ ದೊರೆಯುವುದು ಬೈಠಕ್ಕಿನ ಕೊನೆಯ ಲಘುಭಾಗದ ಸ್ಥಾನ ಮಾತ್ರ.

ವಚನಸಾಹಿತ್ಯದ ವಿದ್ಯಾರ್ಥಿಯಾದ ನನಗೆ ಈ ಗಾಯನದ ಬಗೆಗೆ ಬಹುಕಾಲ ಆಕ್ಷೇಪವಿತ್ತು. ವಚನಕ್ಕೆ ನಿಯತ ಛಂದಸ್ಸಿಲ್ಲ. ಅದರ ಲಯ ಮಾತಿನದು. ಅರ್ಥವು ವಾಕ್ಯದಿಂದ ವಾಕ್ಯಕ್ಕೆ ಬೆಳೆದು ಅಂಕಿತದಲ್ಲಿ ನೆಲೆಗೊಳ್ಳುತ್ತದೆ. ರಾಗಕ್ಕೆ ಅಳವಡಿಸಿದಾಗ ಮೊದಲ ಸಾಲು ಸ್ಥಾಯಿಯಾಗಿ ಮತ್ತೆ ಮತ್ತೆ ಮರಳುತ್ತದೆ. ಅಂಕಿತದ ಬೆನ್ನಿಗೇ ಆರಂಭದ ಮಾತು ಮರಳಿದರೆ ತೀರ್ಮಾನವೇ ಕರಗಿಹೋಗುವುದಲ್ಲವೆ?

ಆದರೆ ಓಲೆಗರಿಗಳಲ್ಲಿ ವಚನಗಳನ್ನು ಸಾಲು ಮುರಿಯದೆ ಬರೆದಿರುತ್ತಾರೆಂಬುದನ್ನು ಇಲ್ಲಿ ನೆನೆಯಬೇಕು. ಇಂದು ನಾವು ಓದುವ ಸಾಲುವಿಂಗಡಣೆ ಆಧುನಿಕ ಸಂಪಾದಕರದು. ಹಾಗಿದ್ದ ಮೇಲೆ ಗಾಯಕನ ಉಸಿರಿನ ನಿಲುಗಡೆಯೂ ಒಂದು ಪಾಠನಿರ್ಣಯವೇ. ಜೈಪುರ-ಅತ್ರೌಲಿ ಶೈಲಿಯಲ್ಲಿ ಒಂದು ಸ್ವರವಾಕ್ಯ ಮುಂದಿನದನ್ನು ಹೆಣೆದುಕೊಂಡೇ ಸಾಗುತ್ತದೆ, ನಡುವೆ ಬಿಡುವು ಕಡಿಮೆ. ಮನ್ಸೂರರ ಕಂಠದಲ್ಲಿ ಅಕ್ಕಮಹಾದೇವಿಯ ವಚನವನ್ನು ಕೇಳಿದಾಗ, ಅಚ್ಚಿನಲ್ಲಿ ತುಂಡಾಗಿ ಕಾಣುವ ಮಾತುಗಳು ಒಂದೇ ಉಕ್ತಿಯಾಗಿ ಕೂಡಿಕೊಳ್ಳುತ್ತವೆ. ಅಕ್ಕನ ಆತ್ಮನಿವೇದನೆಗೆ ಇದು ಒಪ್ಪುವ ಪಾಠವೆಂದೇ ಈಗ ನನ್ನ ಅಭಿಪ್ರಾಯ.

ಅಲ್ಲಮನ ವಿಷಯ ಬೇರೆ. ಬೆಡಗಿನ ವಚನ ಕೇಳುಗನನ್ನು ತಡೆದು ನಿಲ್ಲಿಸಬೇಕು. ರಾಗವು ಆ ತೊಡಕನ್ನು ಮೊದಲೇ ಸವೆಸಿಬಿಡುತ್ತದೆ. ತಮ್ಮ ಆತ್ಮಕಥೆಯನ್ನು 'ನನ್ನ ರಸಯಾತ್ರೆ' ಎಂದು ಕರೆದ ಗಾಯಕರಿಗೆ ರಸವೇ ಗುರಿ. ವಚನಕಾರರಿಗೆ ವಾಗ್ವಾದವೂ ಗುರಿಯಾಗಿತ್ತು.

ಹೊರನಾಡಿನ ನಮ್ಮ ತರಗತಿಗಳಲ್ಲಿ ಇದು ಕೇವಲ ತಾತ್ತ್ವಿಕ ಪ್ರಶ್ನೆಯಲ್ಲ. ಇಲ್ಲಿನ ಅನೇಕ ವಿದ್ಯಾರ್ಥಿಗಳು ವಚನವನ್ನು ಓದುವ ಮೊದಲು ಕೇಳಿರುತ್ತಾರೆ. ಪುಸ್ತಕ ತೆರೆದಾಗ ಬಸವಣ್ಣನ ತೀಕ್ಷ್ಣವಾದ ಸಾಮಾಜಿಕ ವಿಮರ್ಶೆಯನ್ನೂ ಅವರು ಭಕ್ತಿಗೀತೆಯ ಧಾಟಿಯಲ್ಲೇ ಓದುತ್ತಾರೆ. ನಾನು ಈಚೆಗೆ ಅಚ್ಚಿನ ಪಾಠವನ್ನೂ ಧ್ವನಿಮುದ್ರಣವನ್ನೂ ಒಟ್ಟಿಗೆ ಕೊಟ್ಟು, ಗಾಯಕರು ಎಲ್ಲಿ ಉಸಿರು ನಿಲ್ಲಿಸಿದರೆಂದು ಗುರುತಿಸಲು ಹೇಳುತ್ತಿದ್ದೇನೆ. ಆ ಗುರುತುಗಳು ಅಚ್ಚಿನ ಸಾಲುಗಳೊಡನೆ ಹೊಂದದ ಕಡೆಯಲ್ಲೇ ಚರ್ಚೆ ಆರಂಭವಾಗುತ್ತದೆ.