ದುಷ್ಟ ಗಂಡನಾಚೆಗಿನ ಕಥೆ

ಅಫಘಾನಿಸ್ತಾನದ ಹೆಣ್ಣಿನ ಪಾಡನ್ನು ನಮ್ಮಲ್ಲಿ ಬಹಳ ಜನ ಅರಿತದ್ದು ಖಾಲಿದ್ ಹುಸೇನಿಯವರ 2007ರ ಕಾದಂಬರಿ ‘ಎ ಥೌಸಂಡ್ ಸ್ಪ್ಲೆಂಡಿಡ್ ಸನ್ಸ್’ ಮೂಲಕ. ವಿಜಯನಗರ, ಬಸವೇಶ್ವರನಗರದ ಗೆಳತಿಯರ ಮನೆಗಳಲ್ಲಿ ಅದನ್ನು ಓದಿ ಅತ್ತವರನ್ನು ಕಂಡಿದ್ದೇನೆ. ಆ ಕಣ್ಣೀರು ನಿಜವಾದದ್ದೇ. ಆದರೆ ಮರಿಯಮ್, ಲೈಲಾ ಇಬ್ಬರನ್ನೂ ಬಡಿಯುವ ರಶೀದ್ ಎಷ್ಟು ದುಷ್ಟನೆಂದರೆ, ಇಂಥವನು ನಮ್ಮ ಮನೆಯಲ್ಲಿಲ್ಲವಲ್ಲ ಎಂಬ ನೆಮ್ಮದಿ ಓದುಗರಿಗೆ ಸುಲಭವಾಗಿ ಸಿಕ್ಕಿಬಿಡುತ್ತದೆ.

ಆ ನೆಮ್ಮದಿಯನ್ನು ಕಸಿಯುವ ಪರಂಪರೆ ಕನ್ನಡದಲ್ಲೇ ಇದೆ. ಕಾಸರಗೋಡಿನಲ್ಲಿ ಹುಟ್ಟಿದ ಸಾರಾ ಅಬೂಬಕ್ಕರ್ ಎಂಬತ್ತರ ದಶಕದ ಆರಂಭದಲ್ಲಿ ‘ಚಂದ್ರಗಿರಿಯ ತೀರದಲ್ಲಿ’ ಬರೆದರು. ಲಂಕೇಶ್ ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂದ ಆ ಕಾದಂಬರಿಯಲ್ಲಿ ನಾದಿರಾಳ ಬದುಕು ಕೆಡಿಸುವವನು ಗಂಡನಲ್ಲ. ಗಂಡ ರಶೀದ್‌ಗೆ ಅವಳು ಬೇಕು, ಅವಳಿಗೂ ಅವನು ಬೇಕು. ಅಳಿಯನ ಮೇಲಿನ ಹಟಕ್ಕೆ ತಂದೆ ಮಹಮದ್ ಖಾನ್ ತಲಾಖ್ ಕೊಡಿಸುತ್ತಾನೆ. ಮತ್ತೆ ಕೂಡಬೇಕೆಂದರೆ ಅವಳು ಇನ್ನೊಬ್ಬನನ್ನು ಮದುವೆಯಾಗಿ ಒಂದು ರಾತ್ರಿ ಕಳೆದು ಬರಬೇಕು. ಎಲ್ಲರೂ ಅವಳ ಒಳಿತಿಗೇ ಎಂದು ನಂಬಿಸುತ್ತಾರೆ. ತಾಯಿಗೆ ಎಲ್ಲ ಗೊತ್ತು, ಏನೂ ಮಾಡಲಾಗದು. ಪ್ರೀತಿಸುವವರ ಕೈಯಿಂದಲೇ ಕೆಲಸ ಮುಗಿಸಿಕೊಳ್ಳುವ ವ್ಯವಸ್ಥೆಯನ್ನು ಇಷ್ಟು ಸ್ಪಷ್ಟವಾಗಿ ತೋರಿಸಿದ ಕಾದಂಬರಿಗಳು ನಮ್ಮಲ್ಲಿ ವಿರಳ.

ಸಾರಾ ಅವರಲ್ಲಿ ಕೊರತೆಯೂ ಇದೆ. ಹಲವು ಕಡೆ ಪಾತ್ರವನ್ನು ಪಕ್ಕಕ್ಕೆ ಸರಿಸಿ ಲೇಖಕಿಯೇ ವಾದಕ್ಕೆ ನಿಲ್ಲುತ್ತಾರೆ. ಕೊನೆಗೆ ನಾದಿರಾ ಮಸೀದಿಯ ಕೆರೆಗೆ ಇಳಿಯುತ್ತಾಳೆ. ಹುಸೇನಿಯ ಮರಿಯಮ್ ಕ್ರೀಡಾಂಗಣದಲ್ಲಿ ಮರಣದಂಡನೆಗೆ ಮೊಣಕಾಲೂರುತ್ತಾಳೆ. ಹೆಣ್ಣು ಸತ್ತರಷ್ಟೇ ಅನ್ಯಾಯ ರುಜುವಾತಾಗುತ್ತದೆ ಎಂಬ ಈ ಹೆಣಿಗೆ ನನ್ನನ್ನು ಕಾಡುತ್ತದೆ. ಎಂ.ಕೆ. ಇಂದಿರಾ ಅವರ ‘ಫಣಿಯಮ್ಮ’ 1976ರಲ್ಲೇ ಬೇರೆ ದಾರಿ ಹಿಡಿದಿತ್ತು: ತಲೆ ಬೋಳಿಸಿಕೊಂಡು ಆಯುಷ್ಯವೆಲ್ಲ ಮಡಿಯಲ್ಲಿ ಸವೆಸಿದ ಬಾಲವಿಧವೆ, ತಲೆ ಬೋಳಿಸಿಕೊಳ್ಳಲು ಒಪ್ಪದ ಹರೆಯದ ವಿಧವೆಯ ಪರ ನಿಲ್ಲುತ್ತಾಳೆ. ಈ ಪುಸ್ತಕವನ್ನು ಸಾರಾ ಅವರ ಪಕ್ಕದಲ್ಲಿಟ್ಟು ಓದಿದವರು ಹೆಣ್ಣಿನ ಸಂಕಟವನ್ನು ಒಂದೇ ಮತದ ತಲೆಗೆ ಕಟ್ಟಲಾರರು.

ಈ ಪರಂಪರೆಯನ್ನು ಮುಂದಕ್ಕೊಯ್ದವರು ಹಾಸನದ ಬಾನು ಮುಷ್ತಾಕ್. ಅವರು ವಕೀಲೆ. ಮಹಿಳೆಯರಿಗೂ ಮಸೀದಿ ಪ್ರವೇಶ ಬೇಕೆಂದದ್ದಕ್ಕೆ 2000ದಲ್ಲಿ ಸಾಮಾಜಿಕ ಬಹಿಷ್ಕಾರ ಎದುರಿಸಿದವರು. ಅವರ ‘ಎದೆಯ ಹಣತೆ’ ಕಥೆಯ ಮೆಹರುನ್ ತವರಿಗೆ ಬಂದರೆ ಅಣ್ಣಂದಿರು ವಾಪಸು ಕರೆದೊಯ್ದು ಬಿಡುತ್ತಾರೆ, ಅವಳು ಬೆಂಕಿ ಹಚ್ಚಿಕೊಂಡಿದ್ದರೆ ಮರ್ಯಾದೆಯಾದರೂ ಉಳಿಯುತ್ತಿತ್ತು ಎಂಬುದು ಅವರ ನಿಲುವು. ಸೀಮೆಎಣ್ಣೆ ಸುರಿದುಕೊಂಡವಳನ್ನು ಮಗಳು ಸಲ್ಮಾ ಕೂಸನ್ನೆತ್ತಿಕೊಂಡು ಬಂದು ತಡೆಯುತ್ತಾಳೆ. ‘ಕರಿ ನಾಗರಗಳು’ ಇನ್ನೂ ಗಟ್ಟಿ ಕಥೆ. ಗಂಡ ಕೈಬಿಟ್ಟ ಹೆಂಗಸಿಗೆ ಮಸೀದಿಯ ಆಡಳಿತ ನೋಡುವ ಮುತವಲ್ಲಿ ನ್ಯಾಯ ಕೊಡುವುದಿಲ್ಲ. ಅವಳ ಮಗು ಸತ್ತಾಗ ಬೀದಿಯ ಹೆಂಗಸರು ಅವನನ್ನು ಶಪಿಸುತ್ತಾರೆ, ಅವನ ಹೆಂಡತಿ ಅವನ ಮಾತು ಮೀರಿ ಮಕ್ಕಳಾಗದಂತೆ ಆಪರೇಷನ್ ಮಾಡಿಸಿಕೊಳ್ಳಲು ಹೊರಡುತ್ತಾಳೆ. ಇಲ್ಲಿ ಪ್ರತಿಭಟನೆ ಭಾಷಣವಾಗಿಲ್ಲ, ದೇಹದ ಮೇಲಿನ ಹಕ್ಕಾಗಿದೆ. ಈ ಕಥೆಗಳು ದೀಪಾ ಭಸ್ತಿ ಅವರ ಇಂಗ್ಲಿಷ್ ಅನುವಾದದಲ್ಲಿ 2025ರ ಅಂತರರಾಷ್ಟ್ರೀಯ ಬೂಕರ್ ಪಡೆದದ್ದು ಎಲ್ಲರಿಗೂ ಗೊತ್ತು. ಅವುಗಳನ್ನು ಕನ್ನಡದಲ್ಲೇ ಓದಿದವರು ಇನ್ನೂ ಹೆಚ್ಚಬೇಕು.

ಅಫಘಾನಿಸ್ತಾನದಲ್ಲೂ ಹೀಗೆ ಒಳಗಿನಿಂದ ಬರೆಯುವವರಿದ್ದಾರೆ. ದರಿ, ಪಶ್ತೋ ಭಾಷೆಗಳ 18 ಲೇಖಕಿಯರ ಕಥೆಗಳು 2022ರಲ್ಲಿ ‘ಮೈ ಪೆನ್ ಈಸ್ ದ ವಿಂಗ್ ಆಫ್ ಎ ಬರ್ಡ್’ ಎಂಬ ಇಂಗ್ಲಿಷ್ ಸಂಕಲನವಾಗಿ ಬಂದವು. 2021ರಿಂದ ತಾಲಿಬಾನ್ ಆಡಳಿತ ಹುಡುಗಿಯರಿಗೆ ಪ್ರೌಢಶಾಲೆಯ ಬಾಗಿಲು ಮುಚ್ಚಿದೆ. ಅಲ್ಲಿ ಹೆಣ್ಣೊಬ್ಬಳು ಕಥೆ ಬರೆಯುವುದೇ ಅಪಾಯದ ಕೆಲಸ. ಕಾಬೂಲಿನ ಹೆಣ್ಣನ್ನು ಅರಿಯಬೇಕೆನ್ನುವವರ ಕೈಗೆ ನಾನು ಮೊದಲು ಈ ಲೇಖಕಿಯರ ಪುಸ್ತಕ ಕೊಡುತ್ತೇನೆ, ಹುಸೇನಿಯದು ಆಮೇಲೆ.