ಹೊಸಬರಿಗೆ ಸ್ವಾಗತ ಎನ್ನುವ ಕಡಲು

ಕತೆ, ಕಾದಂಬರಿ, ನಾಟಕಗಳನ್ನು ವಿಮರ್ಶಿಸುವ ಹಾಗೆ ಒಂದು ಪ್ರವಾಸವನ್ನೂ ವಿಮರ್ಶಿಸಬಹುದೇ? ಬರೀ ವಿಮರ್ಶಿಸಬಹುದು ಎಂದಲ್ಲ, ವಿಮರ್ಶಿಸಲೇಬೇಕು ಎಂದು ನಮಗನ್ನಿಸಿದ್ದು ಆಸ್ಟ್ರೇಲಿಯಾದ ಸಿಡ್ನಿ ನಗರದ ಮ್ಯಾನ್ಲಿ ಕಡಲತೀರದಲ್ಲಿ. ಪ್ರವಾಸಕ್ಕೂ ಒಬ್ಬ ನಿರೂಪಕನಿರುತ್ತಾನೆ. ಏನನ್ನು ತೋರಿಸಬೇಕು, ಯಾವುದನ್ನು ದಾಟಿ ಹೋಗಬೇಕು, ನೋಡಲು ಬಂದವರು ಯಾರಿರಬಹುದು ಎಂದು ಅವನು ಮೊದಲೇ ತೀರ್ಮಾನಿಸಿಕೊಂಡಿರುತ್ತಾನೆ. ಕತೆಗಾರರು ಮಾಡುವುದೂ ಇದನ್ನೇ. ಹಾಗಾಗಿ ಕತೆಗಾರರಿಗೆ ಕೇಳುವ ಪ್ರಶ್ನೆಗಳನ್ನು ಪ್ರವಾಸಕ್ಕೂ ಕೇಳುವುದರಲ್ಲಿ ತಪ್ಪಿಲ್ಲ.

ನಾವು ಹೋಗಿದ್ದು ಸ್ನಾರ್ಕಲಿಂಗ್‌ಗೆ. ಮುಖಕ್ಕೆ ಗಾಜಿನ ಮಾಸ್ಕ್, ಬಾಯಿಗೆ ಉಸಿರಿನ ಕೊಳವೆ, ಕಾಲಿಗೆ ಬಾತಿನ ಪಾದದಂಥ ರಬ್ಬರ್ ರೆಕ್ಕೆ. ನೀರಿನ ಮೇಲೆ ಬೋರಲಾಗಿ ತೇಲುತ್ತ ಕೆಳಗಿನ ಲೋಕವನ್ನು ನೋಡುವುದು, ಅಷ್ಟೇ. ಸಿಡ್ನಿಯಲ್ಲಿ ನೆಲೆಸಿರುವ ನಾದಿನಿಯ ಮಗಳು, ಹದಿನಾರರ ಹುಡುಗಿ, ನಮ್ಮನ್ನು ಕೇಳದೆಯೇ ಎರಡು ಸೀಟು ಹಿಡಿದಿದ್ದಳು. 'ಹೊಸಬರಿಗಾಗಿಯೇ ಇರುವ ಪ್ರವಾಸ, ಈಜು ಅಷ್ಟಾಗಿ ಬಾರದಿದ್ದರೂ ಅಡ್ಡಿಯಿಲ್ಲ, ಗೈಡ್ ಜೊತೆಗಿರುತ್ತಾನೆ' ಎಂದು ಅವರ ಕರಪತ್ರದಲ್ಲಿತ್ತು. ನಾದಿನಿ ಮಾತ್ರ, "ಭಾಬಿ, ನೀವು ಹೋಗಿ. ನಾನು ದಡದಲ್ಲಿ ಕೂತು ನಿಮ್ಮ ಬ್ಯಾಗು ಕಾಯ್ತೀನಿ" ಎಂದುಬಿಟ್ಟಳು. ಹದಿನೆಂಟು ವರ್ಷದಿಂದ ಆ ಊರಿನಲ್ಲಿದ್ದಾಳೆ. ನೀರಿಗಿಳಿದದ್ದು ಮೊಣಕಾಲ ತನಕ ಮಾತ್ರ.

ಮೊದಲು ಮೆಚ್ಚುಗೆಯ ಮಾತು. ಹೊಸಬರನ್ನು ನೀರಿಗೆ ಒಗ್ಗಿಸುವ ಕಲೆಯಲ್ಲಿ ಈ ಪ್ರವಾಸ ನಿಜಕ್ಕೂ ಪಳಗಿದ್ದು. ಜಾಗದ ಆಯ್ಕೆಯಲ್ಲೇ ಅದು ಕಾಣುತ್ತದೆ. ಮ್ಯಾನ್ಲಿಯ ದೊಡ್ಡ ತೀರದ ದಕ್ಷಿಣ ತುದಿಗೂ ಶೆಲ್ಲಿ ಎಂಬ ಪುಟ್ಟ ತೀರಕ್ಕೂ ನಡುವೆ ಇರುವ ಕ್ಯಾಬೇಜ್ ಟ್ರೀ ಕೊಲ್ಲಿ 2002ರಿಂದ ಸಂರಕ್ಷಿತ ಪ್ರದೇಶ. ಅಲ್ಲಿ ಮೀನು ಹಿಡಿಯುವ ಹಾಗಿಲ್ಲ, ಚಿಪ್ಪು ಹೆಕ್ಕುವ ಹಾಗೂ ಇಲ್ಲ. ಆಸ್ಟ್ರೇಲಿಯಾದ ಪೂರ್ವ ಕರಾವಳಿಯ ಹೆಚ್ಚಿನ ತೀರಗಳು ಪೂರ್ವಕ್ಕೆ ತೆರೆದು ಶಾಂತ ಸಾಗರದ ಅಲೆಗಳ ಹೊಡೆತ ತಿನ್ನುತ್ತಿದ್ದರೆ, ಶೆಲ್ಲಿ ತೀರ ಪಶ್ಚಿಮಕ್ಕೆ ಮುಖ ಮಾಡಿದೆ. ಹಾಗಾಗಿ ಅಲ್ಲಿ ಅಲೆ ಕಡಿಮೆ, ನೀರು ಹೆಚ್ಚಾಗಿ ತಿಳಿ.

ಗೈಡ್ ಮೂವತ್ತರ ಆಸುಪಾಸಿನ ಹುಡುಗ. ಮಾಸ್ಕಿನ ಗಾಜಿಗೆ ಒಳಗಿನಿಂದ ಉಗುಳು ಸವರಿ ತೊಳೆದರೆ ಮಂಜು ಕಟ್ಟುವುದಿಲ್ಲ ಎಂದು ಮಾಡಿ ತೋರಿಸಿದ. ರೆಕ್ಕೆ ತೊಟ್ಟ ಮೇಲೆ ಮುಂದಕ್ಕೆ ನಡೆದರೆ ಮುಗ್ಗರಿಸುತ್ತೀರಿ, ಹಿಂದು ಹಿಂದಕ್ಕೆ ನಡೆಯಿರಿ ಎಂದ. ಹೆಬ್ಬೆರಳು ಎತ್ತಿದರೆ ನೀರಿನ ಭಾಷೆಯಲ್ಲಿ 'ಚೆನ್ನಾಗಿದ್ದೇನೆ' ಎಂದಲ್ಲ, 'ಮೇಲೆ ಹೋಗಬೇಕು' ಎಂದು ಅರ್ಥ; ಚೆನ್ನಾಗಿದ್ದರೆ ಹೆಬ್ಬೆರಳು ತೋರುಬೆರಳು ಸೇರಿಸಿ ಸೊನ್ನೆ ಮಾಡಿ ಎಂದ. ನಾವು ನಾದಿನಿಯ ಮಗಳ ಬುರ್ಕಿನಿ ತೊಟ್ಟಿದ್ದೆವು. ಮೊದಲ ಸಲ ಮುಖವಿಟ್ಟಾಗ ಮಾಸ್ಕಿನೊಳಗೆ ನೀರು ನುಗ್ಗಿತು. ಗೈಡ್ ಬಂದು ನೋಡಿ, ಟೋಪಿಯ ಅಂಚು ಮಾಸ್ಕಿನ ರಬ್ಬರಿನಡಿ ಸಿಕ್ಕಿಕೊಂಡಿದೆ ಎಂದ. ಬಟ್ಟೆಯನ್ನು ಬೆರಳಗಲ ಹಿಂದಕ್ಕೆ ಸರಿಸಿಕೊಳ್ಳಿ, ರಬ್ಬರು ಚರ್ಮಕ್ಕೇ ಕೂರಬೇಕು, ಗಡ್ಡ ಮೀಸೆಯವರಿಗೂ ಇದೇ ತೊಂದರೆ ಎಂದ. ಅವನಿಗೆ ಅದು ನೀರು ಸೋರುವ ಸಮಸ್ಯೆ ಮಾತ್ರವಾಗಿತ್ತು. ತಲೆಯ ಮೇಲಿನ ಬಟ್ಟೆ ಒಂದು ದೊಡ್ಡ ಚರ್ಚೆಯ ವಿಷಯವಾಗದೆ ಬರೀ ಬಟ್ಟೆಯಾಗಿ ಉಳಿದ ಆ ಅರ್ಧ ನಿಮಿಷ ನಮಗೆ ದೊಡ್ಡದಾಗಿ ಕಂಡಿತು.

ಆಮೇಲೆ ನೀರು. ಬಾಯಿಯಿಂದಲೇ ಉಸಿರಾಡಬೇಕು ಎಂಬುದು ತಲೆಗೆ ಗೊತ್ತಾದರೂ ಎದೆಗೆ ಗೊತ್ತಾಗಲು ಹೊತ್ತು ಹಿಡಿಯಿತು. ಮೂರು ಸಲ ಎದ್ದು ನಿಂತೆವು. ನಾಲ್ಕನೆಯ ಸಲ ಉಸಿರು ತನ್ನ ಲಯಕ್ಕೆ ಬಂತು. ಕಿವಿಯೊಳಗೆ ನಮ್ಮದೇ ದಮ್ಮಿನ ಸದ್ದು ಬಿಟ್ಟರೆ ಬೇರೇನಿಲ್ಲ. ಕೆಳಗೆ ಜಮಖಾನೆ ಹಾಸಿದ ಹಾಗೆ ಮಲಗಿದ್ದ ವಾಬೆಗಾಂಗ್ ಎಂಬ ಶಾರ್ಕ್. ಬಂಡೆಯ ಪಕ್ಕದಿಂದ ಬಂದು ಸಾಕಿದ ನಾಯಿಯಂತೆ ನಮ್ಮ ಹಿಂದೆಯೇ ಸುತ್ತಿದ ನೀಲಿ ಗ್ರೋಪರ್ ಎಂಬ ದೊಡ್ಡ ಮೀನು. ನೀರಿನೊಳಗೆ ಎಲ್ಲವೂ ಇರುವುದಕ್ಕಿಂತ ಮೂರನೇ ಒಂದು ಪಾಲಿನಷ್ಟು ದೊಡ್ಡದಾಗಿ, ಹತ್ತಿರದಲ್ಲಿರುವಂತೆ ಕಾಣುತ್ತದೆ. ಇದು ಬೆಳಕು ಬಾಗುವುದರ ಆಟ. ಆದರೆ ಹೆದರಿದವರಿಗೂ ಎಲ್ಲವೂ ದೊಡ್ಡದಾಗಿ, ಹತ್ತಿರವಾಗಿಯೇ ಕಾಣುತ್ತದಲ್ಲವೇ?

ಕುರಾನಿನ ಕಹಫ್ ಅಧ್ಯಾಯದಲ್ಲಿ ಮೂಸಾ ಅವರು ಎರಡು ಸಮುದ್ರಗಳು ಕೂಡುವೆಡೆಯನ್ನು ಹುಡುಕಿ ಹೋಗಿ ಒಬ್ಬ ಮಾರ್ಗದರ್ಶಕರನ್ನು ಕಾಣುತ್ತಾರೆ. ಪರಂಪರೆ ಅವರನ್ನು ಖಿಝ್ರ್ ಎಂದು ಗುರುತಿಸುತ್ತದೆ. ಅವರು ಹಾಕುವ ಷರತ್ತು ಒಂದೇ: ನಾನಾಗಿ ಹೇಳುವ ತನಕ ಪ್ರಶ್ನೆ ಕೇಳಬಾರದು. ಸ್ನಾರ್ಕಲಿಂಗ್‌ನಲ್ಲೂ ಹೀಗೆಯೇ. ಬಾಯಲ್ಲಿ ಕೊಳವೆ ಇರುವಾಗ ಪ್ರಶ್ನೆ ಕೇಳುವ ಹಾಗಿಲ್ಲ. ಆದರೆ ಖಿಝ್ರ್ ಕೊನೆಗೆ, ಅಗಲುವ ಮುನ್ನ, ದೋಣಿಗೆ ಏಕೆ ತೂತು ಮಾಡಿದೆ, ಗೋಡೆಯನ್ನೇಕೆ ನಿಲ್ಲಿಸಿದೆ ಎಂದು ಒಂದೊಂದನ್ನೂ ಬಿಡಿಸಿ ಹೇಳುತ್ತಾರೆ. ನಮ್ಮ ಪ್ರವಾಸ ಸೋತದ್ದು ಇಲ್ಲಿ. ದಡಕ್ಕೆ ಬಂದ ಮೇಲೆ ಬಿಸಿ ಚಾಕಲೇಟ್ ಕೊಟ್ಟರು, ಫೋಟೋ ತೋರಿಸಿದರು, ಮೀನುಗಳ ಹೆಸರಿನ ಪಟ್ಟಿ ಕೈಗಿಟ್ಟರು. ಆ ನೀರಿನ ಕತೆಯನ್ನು ಮಾತ್ರ ಹೇಳಲಿಲ್ಲ.

ಹೇಳಲು ಏನಿರಲಿಲ್ಲ? ಮ್ಯಾನ್ಲಿ ಎಂಬ ಹೆಸರನ್ನೇ ತೆಗೆದುಕೊಳ್ಳಿ. 1788ರಲ್ಲಿ ಗವರ್ನರ್ ಆರ್ಥರ್ ಫಿಲಿಪ್ ಇಲ್ಲಿನ ಮೂಲನಿವಾಸಿಗಳ ದಿಟ್ಟ, ಗಂಡೆದೆಯ ನಡವಳಿಕೆ ಮೆಚ್ಚಿ ಇಟ್ಟ ಹೆಸರದು. ಹಾಗೆ ಮೆಚ್ಚಿದವರೇ ಅದೇ ವರ್ಷದ ಕೊನೆಯ ದಿನ ಮ್ಯಾನ್ಲಿ ಕೋವ್‌ನಿಂದ ಅರಬನೂ ಎಂಬಾತನನ್ನು ಬಲವಂತವಾಗಿ ಹಿಡಿದೊಯ್ದರು. ಮರುವರ್ಷ ಆತ ಸಿಡುಬಿನಿಂದ ಸತ್ತ. ಇವು ಗಾಯಮಯ್ಗಲ್ ಜನ ಮೀನು ಹಿಡಿದ, ಚಿಪ್ಪು ಆಯ್ದ ನೀರುಗಳು. ನಮಗೆ ಕೊಟ್ಟ ಪಟ್ಟಿಯಲ್ಲಿ ಮೀನುಗಳಿಗೆ ಹೆಸರಿತ್ತು, ಆ ಜನಕ್ಕಿರಲಿಲ್ಲ.

ಇನ್ನೊಂದು ಕತೆ ಉಡುಪಿನದು. ಹತ್ತೊಂಬತ್ತನೇ ಶತಮಾನದ ಸಿಡ್ನಿಯಲ್ಲಿ ಹಗಲು ಹೊತ್ತಿನಲ್ಲಿ ಜನರ ಕಣ್ಣಿಗೆ ಬೀಳುವಂತೆ ಕಡಲಸ್ನಾನ ಮಾಡುವುದು ಅಪರಾಧವಾಗಿತ್ತು. 1902ರಲ್ಲಿ ಇದೇ ಮ್ಯಾನ್ಲಿಯಲ್ಲಿ ವಿಲಿಯಂ ಗೋಕರ್ ಎಂಬ ಪತ್ರಿಕಾ ಸಂಪಾದಕ ಮೊದಲೇ ಸಾರಿ ಹೇಳಿ, ನಡುಹಗಲಲ್ಲಿ ನೀರಿಗಿಳಿದ. ಮರುವರ್ಷ ಪುರಸಭೆ ಹಗಲುಸ್ನಾನಕ್ಕೆ ಒಪ್ಪಿಗೆ ಕೊಟ್ಟಿತು, ಆದರೆ ಒಂದು ಷರತ್ತಿನೊಂದಿಗೆ: ಕುತ್ತಿಗೆಯಿಂದ ಮೊಣಕಾಲ ತನಕ ಮೈ ಮುಚ್ಚುವ ಉಡುಪು ಕಡ್ಡಾಯ. ಅಂದರೆ ಅಂದು ಆ ಕಡಲಲ್ಲಿ ಮೈ ಮುಚ್ಚಿಕೊಳ್ಳದಿರುವುದು ತಪ್ಪು. ನೂರು ವರ್ಷ ಕಳೆದ ಮೇಲೆ, 2004ರಲ್ಲಿ, ಲೆಬನಾನ್ ಮೂಲದ ಅಹೆದಾ ಝಾನೆಟ್ಟಿ ಎಂಬ ಮಹಿಳೆ ಇದೇ ಸಿಡ್ನಿಯಲ್ಲಿ ಬುರ್ಕಿನಿಯನ್ನು ರೂಪಿಸಿದರು. ಸಹೋದರಿಯ ಮಗಳು ಹಿಜಾಬ್ ತೊಟ್ಟು ನೆಟ್‌ಬಾಲ್ ಆಡಲು ಪಡುತ್ತಿದ್ದ ಪಾಡು ನೋಡಿ ಹೊಳೆದ ಯೋಚನೆ ಅದು. 2016ರಲ್ಲಿ ಫ್ರಾನ್ಸಿನ ಕಾನ್, ನೀಸ್ ಮೊದಲಾದ ಊರುಗಳು ಆ ಉಡುಪನ್ನು ತೀರದಿಂದ ನಿಷೇಧಿಸಿದವು. ಒಂದು ಪುಟ್ಟ ಊರಿನ ನಿಷೇಧವನ್ನು ಆ ವರ್ಷದ ಆಗಸ್ಟ್ 26ರಂದು ಫ್ರಾನ್ಸಿನ ಅತ್ಯುನ್ನತ ಆಡಳಿತ ನ್ಯಾಯಾಲಯವೇ ತಡೆಹಿಡಿಯಬೇಕಾಯಿತು. ಅಲ್ಲಿ ಮುಚ್ಚಿಕೊಳ್ಳುವುದೇ ತಪ್ಪು. ಎರಡೂ ಕಡೆ ಅಳತೆಪಟ್ಟಿ ಹಿಡಿದವರು ಈಜುವವರಲ್ಲ, ದಡದಲ್ಲಿ ನಿಂತವರು.

ಮೂರನೆಯದು ಕ್ರೊನುಲ್ಲಾದ ಕತೆ. ಸಿಡ್ನಿಯ ದಕ್ಷಿಣದ ಆ ತೀರದಲ್ಲಿ 2005ರ ಡಿಸೆಂಬರ್ 11ರಂದು ಸುಮಾರು ಐದು ಸಾವಿರ ಮಂದಿ ಸೇರಿದ್ದರು. ಮೊಬೈಲ್ ಸಂದೇಶಗಳ ಮೂಲಕ ಕರೆಸಿಕೊಂಡ ಗುಂಪು ಅದು. ಅರಬರಂತೆ ಕಂಡವರನ್ನು ಅಟ್ಟಿಸಿಕೊಂಡು ಹೋಗಿ ಹೊಡೆದರು. ಅದರ ಮುಂದಿನ ಭಾಗವನ್ನೂ ಹೇಳದಿದ್ದರೆ ಅನ್ಯಾಯವಾಗುತ್ತದೆ. ಗಲಭೆಯ ಬಳಿಕ ಜೀವರಕ್ಷಕ ದಳದವರು ಮುಸ್ಲಿಂ ಯುವಜನರನ್ನು ತರಬೇತಿಗೆ ಕರೆದರು. 2007ರಲ್ಲಿ ಮೆಕ್ಕಾ ಲಾಲಾ ಎಂಬ ತರುಣಿ ಕೆಂಪು ಹಳದಿ ಬಣ್ಣದ ಬುರ್ಕಿನಿ ತೊಟ್ಟು ಜೀವರಕ್ಷಕಿಯಾದಳು. ಯಾರನ್ನು ತೀರದಿಂದ ಓಡಿಸಲು ಹೊರಟಿದ್ದರೋ ಆ ಸಮುದಾಯದ ಹೆಣ್ಣುಮಗಳು ಮುಳುಗುವವರನ್ನು ಎಳೆದು ತರುವ ಕೆಲಸಕ್ಕೆ ನಿಂತಳು.

ನಮ್ಮ ಹಿಂದೆ ಸುತ್ತಿದ ಗ್ರೋಪರ್ ಮೀನಿಗೂ ಒಂದು ಕತೆಯಿದೆ. ಇದು ಹುಟ್ಟುವಾಗ ಹೆಣ್ಣು, ಕಂದು ಬಣ್ಣ. ದೊಡ್ಡದಾದ ಮೇಲೆ ಕೆಲವು ಗಂಡಾಗಿ ನೀಲಿಗೆ ತಿರುಗುತ್ತವೆ. ಗೈಡ್ ಇದನ್ನು ಹೇಳಿ ನಗಿಸಿದ. ಮನುಷ್ಯರನ್ನು ನಂಬಿ ಹತ್ತಿರ ಬರುವುದೇ ಇದಕ್ಕೆ ಮುಳುವಾಗಿ, 1969ರಲ್ಲಿ ಈಟಿ ಬೇಟೆಯನ್ನು ನಿಷೇಧಿಸಬೇಕಾಯಿತು ಎಂಬುದನ್ನು ಹೇಳಲಿಲ್ಲ. 2023ರ ಕೊನೆಯಲ್ಲಿ ಕ್ರೊನುಲ್ಲಾದಲ್ಲೇ ಜನರ ಅಚ್ಚುಮೆಚ್ಚಿನ ಒಂದು ಗ್ರೋಪರ್ ಈಟಿಗೆ ಬಲಿಯಾದಾಗ ಊರೇ ಮರುಗಿತು. 2024ರಲ್ಲಿ ಗಾಳ ಹಾಕಿ ಹಿಡಿಯುವುದನ್ನೂ ಸರಕಾರ ನಿಷೇಧಿಸಿತು. ಒಂದು ಮೀನಿಗಾಗಿ ಮಿಡಿದವರ ಬಗ್ಗೆ ನಮಗೆ ಗೌರವವಿದೆ. ನಂಬಿ ಹತ್ತಿರ ಬಂದವರಿಗೆ ಕೇಡಾಗಬಾರದು ಎಂಬ ಆ ಕಾಳಜಿ ಮನುಷ್ಯರ ತನಕವೂ ಹಿಗ್ಗಲಿ ಎಂದಷ್ಟೇ ನಮ್ಮ ಆಸೆ.

ಇವೆಲ್ಲ ಒಂದು ಗಂಟೆಯ ವಿಹಾರದಲ್ಲಿ ಹಿಡಿಸುವ ಸಂಗತಿಗಳೇ ಎಂದು ಓದುಗರು ಕೇಳಬಹುದು. ಐದು ನಿಮಿಷ ಸಾಕು. ಕರಪತ್ರದ 'ಹೊಸಬರು' ಎಂಬ ಮಾತಿನಲ್ಲೇ ನಮ್ಮ ತಕರಾರಿದೆ. ಅವರ ಲೆಕ್ಕದಲ್ಲಿ ಹೊಸಬರು ಎಂದರೆ ಇನ್ನೂ ಕಲಿಯದವರು. ಆದರೆ ಕಲಿಯದೆ ಉಳಿದವರು ಬೇರೆ, ಕಲಿಯದಂತೆ ಉಳಿಸಲ್ಪಟ್ಟವರು ಬೇರೆ. ಆಸ್ಟ್ರೇಲಿಯಾದ ನೀರಿನಲ್ಲಿ ಜೀವ ಕಳೆದುಕೊಳ್ಳುವವರಲ್ಲಿ ನಮ್ಮ ದಕ್ಷಿಣ ಏಷ್ಯಾದಿಂದ ಹೋದವರೂ ಇದ್ದಾರೆ ಎಂಬುದು ಅಲ್ಲಿನ ಜೀವರಕ್ಷಕರ ನಿತ್ಯದ ಚಿಂತೆ. ನಾದಿನಿ ದಡದಲ್ಲಿ ಬ್ಯಾಗು ಕಾಯುತ್ತ ಕೂತದ್ದು ಅವಳ ಸ್ವಭಾವದಿಂದಲ್ಲ. ಅವಳನ್ನು ಎಂದೂ ಯಾರೂ ನೀರಿಗೆ ಕರೆಯಲಿಲ್ಲ.

ಇಲ್ಲಿ ಬೆರಳು ನಮ್ಮ ಕಡೆಗೂ ತಿರುಗಬೇಕು. ಮನೆಗೆ ಹಿಂದಿರುಗುವಾಗ ಫೆರಿಯಲ್ಲಿ ಹುಡುಗಿ ಕೇಳಿದಳು: "ಮುಮಾನಿ, ನಿಮ್ಮ ಕತೆಗಳಲ್ಲಿ ಹೆಂಗಸರು ಈಜುವುದೇ ಇಲ್ಲವಲ್ಲ, ಯಾಕೆ?" ಉತ್ತರ ಹೊಳೆಯಲಿಲ್ಲ. ನಮ್ಮ ಕತೆಗಳಲ್ಲಿ ಬಾವಿ ಇದೆ, ಕೆರೆ ಇದೆ, ಹೊಳೆಯೂ ಇದೆ. ಅವುಗಳ ಹತ್ತಿರ ಹೆಣ್ಣು ಹೋಗುವುದು ಕೊಡ ತುಂಬಲು, ಬಟ್ಟೆ ಒಗೆಯಲು, ಇಲ್ಲವೇ ಸಾಯಲು. ಸಾರಾ ಅಬೂಬಕ್ಕರ್ ಅವರ 'ಚಂದ್ರಗಿರಿಯ ತೀರದಲ್ಲಿ' ಕಾದಂಬರಿಯ ನಾದಿರಾ ಕೊನೆಗೆ ಸೇರುವುದು ಮಸೀದಿಯ ಕೆರೆಯನ್ನು. ಆ ಮುಕ್ತಾಯ ಆ ಕಾಲದ ಸತ್ಯವಾಗಿತ್ತು, ಸಮಾಜದ ಕೆನ್ನೆಗೆ ಬಾರಿಸಿದ ಸತ್ಯವಾಗಿತ್ತು. ಅದನ್ನು ಬರೆಯಲು ಬೇಕಾದ ಎದೆಗಾರಿಕೆ ಸಣ್ಣದಲ್ಲ. ಆದರೆ ಅವರ ನಂತರ ಬರೆಯುತ್ತಿರುವ ನಾವು ಆ ನೀರನ್ನು ಹಾಗೆಯೇ ಎರವಲು ಪಡೆದುಕೊಂಡೆವು. ಹೆಣ್ಣನ್ನು ನೀರಿಗೆ ದೂಡುವುದು ನಮಗೆ ಸಲೀಸಾದ ಮುಕ್ತಾಯವಾಗಿಬಿಟ್ಟಿತು. ಅವಳಿಗೆ ಈಜು ಬಂದಿದ್ದರೆ ಕತೆಯನ್ನು ಎಲ್ಲಿಗೆ ಒಯ್ಯುತ್ತಿದ್ದೆವು ಎಂದು ಯೋಚಿಸುವ ಗೋಜಿಗೆ ನಾವು ಹೋಗಲಿಲ್ಲ.

ಇದು ಬರೀ ಸಾಹಿತ್ಯದ ಪ್ರಶ್ನೆಯೂ ಅಲ್ಲ. 2024ರ ಡಿಸೆಂಬರಿನಲ್ಲಿ ಕೋಲಾರ ಜಿಲ್ಲೆಯಿಂದ ಶಾಲಾ ಪ್ರವಾಸಕ್ಕೆ ಬಂದ ನಾಲ್ವರು ವಿದ್ಯಾರ್ಥಿನಿಯರು ಮುರುಡೇಶ್ವರದ ಕಡಲಲ್ಲಿ ಕೊಚ್ಚಿಹೋದರು. ಅದೇ ಮುರುಡೇಶ್ವರದಿಂದ ನೇತ್ರಾಣಿ ದ್ವೀಪಕ್ಕೆ ಸ್ನಾರ್ಕಲಿಂಗ್, ಸ್ಕೂಬಾ ದೋಣಿಗಳೂ ಹೊರಡುತ್ತವೆ. ಹಣವುಳ್ಳವರಿಗೆ ಲೈಫ್ ಜಾಕೆಟ್ಟು, ಗೈಡು, ಫೋಟೋ. ಬಯಲುಸೀಮೆಯಿಂದ ಮೊದಲ ಸಲ ಕಡಲು ನೋಡಲು ಬಂದ ಬಡ ಮಕ್ಕಳಿಗೆ ಏನೂ ಇಲ್ಲ. ಯಾವ ಜಾತಿ ಧರ್ಮದವರೇ ಇರಲಿ, ನಮ್ಮ ನಾಡಿನಲ್ಲಿ ಹೆಣ್ಣುಮಕ್ಕಳಿಗೆ ಈಜು ಕಲಿಸುವುದು ಓದು ಕಲಿಸಿದಷ್ಟೇ ಜರೂರು ಎಂದು ನಾವಿನ್ನೂ ಒಪ್ಪಿಲ್ಲ. ನಮ್ಮ ಜಮಾಅತಿನ ವೇದಿಕೆಗಳಲ್ಲಿ, ಮಕ್ಕಳಿಗೆ ಈಜು ಕಲಿಸಿ ಎಂದು ಹಝ್ರತ್ ಉಮರ್ ಅವರ ಹೆಸರಿನಲ್ಲಿ ರೂಢಿಯಲ್ಲಿರುವ ಮಾತನ್ನು ಹೆಮ್ಮೆಯಿಂದ ಉದ್ಧರಿಸುತ್ತೇವೆ. ಮಕ್ಕಳು ಎಂಬ ಮಾತಿನಲ್ಲಿ ಹೆಣ್ಣುಮಕ್ಕಳು ಇದ್ದಾರೋ ಇಲ್ಲವೋ ಎಂದು ಕೇಳಿದರೆ ಸಭೆ ಸುಮ್ಮನಾಗುತ್ತದೆ. ಪರದೆಯ ನೆಪ ಹೇಳುವವರಿಗೆ ಈಗ ಉಡುಪೂ ಇದೆ. ಬೇಕಿರುವುದು ವಾರಕ್ಕೆರಡು ಗಂಟೆ ಮಹಿಳೆಯರಿಗೆಂದೇ ಬಿಟ್ಟುಕೊಡುವ ಈಜುಕೊಳ, ಒಬ್ಬಳು ಕಲಿಸುವವಳು. ಮದುವೆಯ ಊಟಕ್ಕೆ ಖರ್ಚು ಮಾಡುವ ಸಮುದಾಯಕ್ಕೆ ಇದು ಭಾರವಲ್ಲ.

ಹಾಗಾದರೆ ಮ್ಯಾನ್ಲಿಯ ಆ ಪ್ರವಾಸದ ಬಗ್ಗೆ ನಮ್ಮ ಕೊನೆಯ ಮಾತು? ಸಂಸಾರ ಸಮೇತ ಹೋಗಬಹುದಾದದ್ದು, ಹೋಗಬೇಕಾದದ್ದು. ಅದರ ಗುಣ ಅದರ ತಾಳ್ಮೆಯಲ್ಲಿದೆ. ಉಸಿರು ಸರಿಯಾಗುವ ತನಕ ಕಾಯುತ್ತದೆ, ಹೆದರಿದವರನ್ನು ನಗುವುದಿಲ್ಲ, ತೊಟ್ಟ ಬಟ್ಟೆಯನ್ನು ಪ್ರಶ್ನಿಸುವುದಿಲ್ಲ. ಅದರ ದೋಷ ಕಡಲನ್ನು ಗಾಜಿನ ಪೆಟ್ಟಿಗೆಯಂತೆ, ಕಾಲವೇ ಇಲ್ಲದ ಜಾಗದಂತೆ ತೋರಿಸುವುದರಲ್ಲಿದೆ. ನೀರಿನ ಕೆಳಗಿನದನ್ನು ತೋರಿಸುವವರು ದಡದ ಮೇಲೆ ನಡೆದದ್ದನ್ನೂ ಹೇಳಬೇಕು. ಆಗ ಮಾತ್ರ ಹೊಸಬರಿಗೆ ಸ್ವಾಗತ ಎಂಬ ಮಾತಿಗೆ ಪೂರ್ತಿ ಅರ್ಥ ಬರುತ್ತದೆ.

ನಾದಿನಿಗೆ ಮಾಸ್ಕಿನ ವಿಷಯ, ಉಗುಳು ಸವರುವ ವಿಷಯ ಎಲ್ಲ ಹೇಳಿದೆವು. ಕೇಳುತ್ತ ಕೇಳುತ್ತ, ಎಷ್ಟು ಆಳ ಇತ್ತು ಎಂದಳು. ನಿಂತರೆ ಎದೆಮಟ್ಟ ಎಂದೆವು. "ಅಷ್ಟೇನಾ ಭಾಬಿ?" ಎಂದಳು. ಅಷ್ಟೇ. ಅಷ್ಟು ನೀರನ್ನು ದಾಟಲು ನಮಗೆ ನಲವತ್ತಾರು ವರ್ಷ ಬೇಕಾಯಿತು.