ಶಲ್ಯವೂ ಸಂಧಾನವೂ: ಅಸ್ಥಿಚಿಕಿತ್ಸೆಯ ಸಿರಾಮಿಕ್ ದ್ರವ್ಯಗಳಿಗೆ ಕನ್ನಡದ ಹೆಸರುಗಳು

ಸವೆದ ಕೀಲಿನ ಸ್ಥಾನದಲ್ಲಿ ಸಿರಾಮಿಕ್ ದ್ರವ್ಯಗಳನ್ನಿರಿಸುವ ಶಸ್ತ್ರವಿದ್ಯೆಯನ್ನು ಕುರಿತು ಬರೆಯುವವರು ಋಗ್ವೇದದ ವಿಶ್ಪಲೆಯಿಂದ ಉಪಕ್ರಮಿಸುವುದುಂಟು. ಕಾಲು ಕಡಿದುಹೋದ ಆಕೆಗೆ ಅಶ್ವಿನೀದೇವತೆಗಳು ಲೋಹದ ಜಂಘೆಯನ್ನು ಕೊಟ್ಟರೆಂದು ಮೊದಲನೆಯ ಮಂಡಲದ 116ನೆಯ ಸೂಕ್ತದಲ್ಲಿದೆ. ಸಾಯಣಾಚಾರ್ಯರು ವಿಶ್ಪಲೆಯನ್ನು ಖೇಲರಾಜನ ಸಂಬಂಧದ ಸ್ತ್ರೀಯೆಂದು ವ್ಯಾಖ್ಯಾನಿಸಿರುವರು. ಜರ್ಮನ್ ಪಂಡಿತನಾದ ಪಿಷೆಲನು ಅದು ಓಟದ ಕುದುರೆಯ ಹೆಸರೆಂದು ವಾದಿಸಿದನು. ಆ ಜಂಘೆಯು ಹೊರಗೆ ಕಟ್ಟಿದುದೋ ಒಳಗೆ ನೆಟ್ಟುದೋ ಎಂಬುದನ್ನು ಋಕ್ಕು ಹೇಳುವುದಿಲ್ಲ. ದೇವತಾಮಹಿಮೆಯ ಸ್ತುತಿಯನ್ನು ಚಿಕಿತ್ಸೆಯ ದಾಖಲೆಯೆಂದು ಓದಿದರೆ ಕಾವ್ಯವೂ ಕೆಡುವುದು, ಶಾಸ್ತ್ರಕ್ಕೂ ಲಾಭವಿಲ್ಲ.

ಪ್ರಾಚೀನರಲ್ಲಿ ಈ ವಿಷಯಕ್ಕೆ ನಿಜವಾಗಿ ಸಂಬಂಧಿಸಿದ ವಾಕ್ಯ ಬೇರೊಂದೆಡೆ ಇದೆ. ಸುಶ್ರುತಸಂಹಿತೆಯ ಸೂತ್ರಸ್ಥಾನದ 26ನೆಯ ಅಧ್ಯಾಯವು ದೇಹದೊಳಗೆ ಅಡಗಿದ ಶಲ್ಯವನ್ನು ಕುರಿತದ್ದು. ದೇಹವನ್ನು ಬಾಧಿಸುವುದೆಲ್ಲವೂ ಅಲ್ಲಿ ಶಲ್ಯವೇ. ಚಿನ್ನ, ಬೆಳ್ಳಿ, ತಾಮ್ರ, ಹಿತ್ತಾಳೆ, ತವರ, ಸೀಸಗಳ ಚೂರುಗಳು ಬಹುಕಾಲ ಒಳಗಿದ್ದರೆ ಪಿತ್ತದ ತೇಜಸ್ಸಿನಿಂದ ಕರಗಿ ಧಾತುಗಳೊಡನೆ ಒಂದಾಗುವುವೆಂದೂ, ಕೊಂಬು, ಹಲ್ಲು, ಕೂದಲು, ಎಲುಬು, ಬಿದಿರು, ಮರ, ಕಲ್ಲುಗಳೂ ಮಣ್ಣಿನಿಂದಾದುವೂ ಶಿಥಿಲವಾಗವೆಂದೂ ಸುಶ್ರುತನು ವಿಭಾಗಿಸಿರುವನು.

ಮೃಣ್ಮಯವು ಶರೀರದಲ್ಲಿ ಅಳಿಯದೆಂಬ ಈ ಮಾತನ್ನು ಹಿಡಿದು, ಸಿರಾಮಿಕ್ ಕೀಲು ಆಗಲೇ ಬಳಕೆಯಲ್ಲಿತ್ತೆಂದು ಸಾಧಿಸುವುದು ಅಪ್ರಾಮಾಣಿಕ. ಅಲ್ಲಿ ವಿವಕ್ಷಿತವಾದುದು ತೆಗೆಯಬೇಕಾದ ವಸ್ತು, ಇರಿಸಬೇಕಾದುದಲ್ಲ. ಆದರೆ ದ್ರವ್ಯವನ್ನು ಅದರ ಹುಟ್ಟಿನಿಂದಲ್ಲದೆ ದೇಹದಲ್ಲಿ ಅದಕ್ಕಾಗುವ ಗತಿಯಿಂದ ವಿಂಗಡಿಸಿದ ಆ ಕ್ರಮ ಮಾತ್ರ ಅಮೂಲ್ಯವಾದುದು. ಇಂದಿನ ಶಾಸ್ತ್ರವೂ ಅದೇ ಕ್ರಮವನ್ನು ಅನುಸರಿಸಿದೆ.

ಮೊದಲನೆಯದು ತಟಸ್ಥವರ್ಗ. ಪ್ಲಾಸ್ಟಿಕ್ ಬಟ್ಟಲಿನ ಕೃತಕ ಕೀಲು ಸವೆದು ಉದುರಿಸುವ ಧೂಳಿಗೆ ದೇಹವು ಪ್ರತಿಕ್ರಿಯಿಸುತ್ತ ಸುತ್ತಣ ಎಲುಬನ್ನೇ ಕರಗಿಸುವುದುಂಟು. ಅತಿ ಕಠಿನವಾದ ಅಲ್ಯೂಮಿನವು ಬಹಳ ಕಡಮೆ ಸವೆಯುವುದು. ಫ್ರಾನ್ಸಿನ ವೈದ್ಯ ಪಿಯೆರ್ ಬೂಟಾನ್ 1970ರಲ್ಲಿ ಸೊಂಟದ ಕೀಲಿನ ಗುಂಡನ್ನೂ ಬಟ್ಟಲನ್ನೂ ಅದರಿಂದಲೇ ಮಾಡಿಸಿ ಅಳವಡಿಸಿದನು. ಎರಡನೆಯದು ಎಲುಬಿನೊಡನೆ ಬೆಸೆಯುವ ವರ್ಗ. ಅಮೆರಿಕದ ಫ್ಲಾರಿಡ ವಿಶ್ವವಿದ್ಯಾಲಯದಲ್ಲಿ ಲ್ಯಾರಿ ಹೆಂಚ್ 1969ರಲ್ಲಿ ಸಿದ್ಧಪಡಿಸಿದ ಗಾಜು ಇಂತಹುದು. ಅದರಲ್ಲಿ ನೂರಕ್ಕೆ 45 ಭಾಗ ಸಿಲಿಕ. ಎಲುಬಿನ ಖನಿಜಾಂಶಕ್ಕೆ ಅತಿ ಸಮೀಪವಾದ ಹೈಡ್ರಾಕ್ಸಿಅಪಟೈಟೂ ಇದೇ ವರ್ಗದ್ದು. ಮೂರನೆಯದು, ಟ್ರೈಕ್ಯಾಲ್ಸಿಯಂ ಫಾಸ್ಫೇಟಿನಂತೆ ಕ್ರಮೇಣ ಕರಗಿ ಹೊಸ ಎಲುಬಿಗೆ ಎಡೆಗೊಡುವ ವರ್ಗ. ಹೀಗೆ ಧಾತುಗಳೊಡನೆ ಒಂದಾಗುವ ಗುಣವನ್ನು ಸುಶ್ರುತನು ಲೋಹಕ್ಕೆ ಹೇಳಿದನು. ಈಗ ಅದು ಕಲ್ಲಿನಂತಹ ವಸ್ತುಗಳಲ್ಲಿ ಕಂಡುಬಂದಿದೆ. ವಿಭಾಗಕ್ರಮ ನಿಂತಿತು, ಉದಾಹರಣೆಗಳು ತಿರುಗುಮುರುಗಾದುವು.

ಈ ಭೇದಗಳನ್ನು ಕನ್ನಡದ ರೂಢಶಬ್ದಗಳು ತಾಳಬಲ್ಲುವೇ ಎಂಬುದು ವಿಚಾರಣೀಯ. ಸಿರಾಮಿಕ್ ಎಂಬುದಕ್ಕೆ ‘ಪಿಂಗಾಣಿ’ ಎನ್ನುವರು. ಗ್ರೀಕ್ ಮೂಲದಲ್ಲಿ ಆ ಶಬ್ದಕ್ಕೂ ಕುಂಬಾರನ ಮಣ್ಣೆಂದೇ ಅರ್ಥವಾದುದರಿಂದ ಪಿಂಗಾಣಿಯ ಅರ್ಥವನ್ನೂ ಹಿಗ್ಗಿಸಬಹುದೆಂಬ ವಾದ ನಿರಾಧಾರವಲ್ಲ. ಆದರೆ ಪಿಂಗಾಣಿಯೆಂದೊಡನೆ ಮನಸ್ಸಿಗೆ ಬರುವುದು ಬಿದ್ದರೆ ಒಡೆಯುವ ಬಟ್ಟಲು. ತನ್ನ ಸೊಂಟದಲ್ಲಿರುವುದು ಅದೆಂದು ಕೇಳಿದ ರೋಗಿ ನಿಷ್ಕಾರಣವಾಗಿ ಭಯಪಡುವನು. ಒಡೆಯುವಿಕೆ ಇಲ್ಲವೆಂದಲ್ಲ: ಸುಡುವ ಕುಲುಮೆಯ ವಿಧಾನ ಬದಲಾದ ಮೇಲೆ ತಯಾರಾದ ಜಿರ್ಕೋನಿಯದ ಗುಂಡುಗಳು ಒಡೆದುವೆಂದು 2001ರಲ್ಲಿ ಅವನ್ನು ಹಿಂತೆಗೆಯಬೇಕಾಯಿತು. ದೋಷವಿದ್ದುದು ಪಾಕದಲ್ಲಿ, ದ್ರವ್ಯದ ಜಾತಿಯಲ್ಲಲ್ಲ. ಆದಕಾರಣ ‘ಸಿರಾಮಿಕ್’ ಎಂಬ ಮಾತನ್ನೇ ಉಳಿಸಿಕೊಳ್ಳುವುದು ಲೇಸು.

‘ಕಸಿ’ ಎಂಬುದು ತೋಟಗಾರನ ಮಾತು. ಜೀವವಿರುವುದನ್ನು ಜೀವವಿರುವುದರೊಡನೆ ಕೂಡಿಸುವುದು ಅದರ ಅರ್ಥ. ಮೂತ್ರಪಿಂಡಕ್ಕೆ ಅದು ಸಲ್ಲುವುದು, ನಿರ್ಜೀವವಾದ ಕೀಲಿಗೆ ಸಲ್ಲದು. ಇದಕ್ಕೆ ‘ಅಳವಡಿಕೆ’ಯೇ ಸಾಕು.

ಎಲ್ಲಕ್ಕಿಂತ ಹೆಚ್ಚು ತಪ್ಪುದಾರಿಗೆಳೆಯುವುದು ‘ಲೇಪ’. ಆಯುರ್ವೇದದ ಲೇಪವು ಹೊರಮೈಗೆ ಹಚ್ಚುವಂತಹುದು. ಒಣಗಿದ ಮೇಲೆ ತೆಗೆಯಬೇಕೆಂದು ಸುಶ್ರುತನೇ ವಿಧಿಸಿರುವನು. ಹೈಡ್ರಾಕ್ಸಿಅಪಟೈಟಿನ ಪುಡಿಯಾದರೋ ಪ್ಲಾಸ್ಮದ ಉಗ್ರತಾಪದಲ್ಲಿ ಅರೆಗರಗಿ, ಲೋಹದ ದಂಡದ ಮೇಲೆ ಅಪ್ಪಳಿಸಿ ಅಂಟುವುದು. ಎಲುಬು ಬೆಳೆದು ಹಿಡಿಯುವವರೆಗೆ ಅದು ನಿಲ್ಲಲೇಬೇಕು. ಇಂಗ್ಲೆಂಡಿನಲ್ಲಿ ರೊನಾಲ್ಡ್ ಫರ್ಲಾಂಗ್ 1985ರಲ್ಲಿ ಇಂತಹ ದಂಡವನ್ನು ಸಿಮೆಂಟಿಲ್ಲದೆ ತೊಡೆಯೆಲುಬಿನಲ್ಲಿ ಇರಿಸಿದನು. ಇದಕ್ಕೆ ಸಮೀಪವಾದ ಮಾತು ಅಡುಗೆಮನೆಯಲ್ಲಿದೆ: ‘ಕಲಾಯಿ’. ತಾಮ್ರದ ಪಾತ್ರೆಗೂ ಪದಾರ್ಥಕ್ಕೂ ನಡುವೆ ಕಾವಿನಿಂದ ಕರಗಿಸಿ ಹಿಡಿಸಿದ ತವರದ ಪದರ ಅದು. ಸವೆದ ಕಲಾಯಿಯನ್ನು ಮತ್ತೆ ಹಾಕಿಸಬಹುದು, ದೇಹದೊಳಗೆ ಅದು ಆಗದು. ಮೇಲಾಗಿ ಕಲಾಯಿ ಎರಡನ್ನು ಬೇರೆಯಾಗಿರಿಸುವುದು, ಈ ಪದರ ಎರಡನ್ನು ಕೂಡಿಸುವುದು. ಈ ಅಂತರಗಳನ್ನು ಹೇಳಿ ಬಳಸಿದಲ್ಲಿ ಆ ಶಬ್ದವು ‘ಲೇಪ’ಕ್ಕಿಂತ ಸತ್ಯವನ್ನು ಹೆಚ್ಚಾಗಿ ತಿಳಿಸುವುದು.

ಶಲ್ಯತಂತ್ರದ ಮುಖ್ಯಕಾರ್ಯ ಹೊಕ್ಕುದನ್ನು ಹೊರತೆಗೆಯುವುದಾಗಿತ್ತು. ಇಂದಿನ ವಿದ್ಯೆಯ ಕಾರ್ಯ, ಹೊರಗಿನದನ್ನು ದೇಹವು ಶಲ್ಯವೆಂದೆಣಿಸದಂತೆ ಒಳಗಿರಿಸುವುದು. ಪರಿಭಾಷೆಗೂ ಇದೇ ನ್ಯಾಯ ಅನ್ವಯಿಸುವುದು. ಹೊರಗಿನಿಂದ ಬಂದುದೆಂಬ ಮಾತ್ರಕ್ಕೆ ಶಬ್ದವು ಶಲ್ಯವಾಗದು, ಒಳಗಿನದೆಂಬ ಮಾತ್ರಕ್ಕೆ ಸಂಧಾನವಾಗದು. ಅರ್ಥದೊಡನೆ ಬೆಸೆದುಕೊಳ್ಳುವುದೇ ಅದಕ್ಕೆ ಪರೀಕ್ಷೆ.